ಆಯಿ ಬೇಡಿದ ಕತೆ

ಆಕೆಯ ಬಲ ಅಂಗೈ ಎಡ ಅಂಗೈಗಿಂತ ಅಗಲವಾಗಿತ್ತು, ಒರಟಾಗಿತ್ತು. ರೊಟ್ಟಿ ಬಡಿದು ಹಾಗಾಗಿದೆ ಎಂದು ಆಕೆ ಹೇಳುತ್ತಿದ್ದಳು. ಹೆಣದ ಮುಂದೆ ಕುಳಿತು ನೆಲ ಬಡಿದು ಹಾಗಾಗಿದೆ ಎಂದು ಓಣಿಯವರು ನಗುತ್ತಿದ್ದರು. ನಮ್ಮೂರು ಮೊರಬದಲ್ಲಿ ಯಾರೇ ಸತ್ತರೂ ಹಾಡ್ಯಾಡಿ ಅಳುವುದಕ್ಕೆ ಆಕೆಯೇ ಬೇಕು. ಸತ್ತವರ ಗುಣ, ಅವರು ಉಂಡದ್ದು, ಉಟ್ಟದ್ದು, ಸಾಕಿದ ಎತ್ತು, ಎಲ್ಲವನ್ನೂ ರಾಗದಲ್ಲಿ ಎಳೆದೆಳೆದು ಹೇಳಿ ಅಳುತ್ತಿದ್ದಳು. ಇದ್ದಾಗ ಎಂಜಲುಗೈಯಲ್ಲಿ ಕಾಗೆ ಹೊಡೆಯದವನೂ ಆಕೆಯ ಅಳುವಿನಲ್ಲಿ ದಾನಶೂರ ಕರ್ಣನಾಗುತ್ತಿದ್ದ.

ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ, ಬಾಜು ಮನೆಯವಳು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಡಿಗ್ರಿ ಮುಗಿಸಿ, ನೌಕರಿ ಸಿಗದೆ, ಸೋದರಮಾವನ ಮನೆಯ ಪಡಸಾಲೆಯಲ್ಲಿ ಕುಳಿತು ಕತೆ ಬರೆಯುತ್ತಿದ್ದೆ. ಬರೆಯುವುದೆಂದರೆ ಬಹುಪಾಲು ಬೇರೆಯದೇ ಕೆಲಸ: ಪೆನ್ನಿನ ಮೊನೆ ತಿಕ್ಕುವುದು, ಮಸಿ ನೀರಾಯಿತೇ ಎಂದು ನೋಡುವುದು, ಮಾವನ ಕೆಮ್ಮಿನಲ್ಲಿ ನನ್ನ ಮೇಲಿನ ಸಿಟ್ಟು ಎಷ್ಟಿದೆ ಎಂದು ಅಳೆಯುವುದು, ಟಪಾಲು ತರುವ ಬಸ್ಸಿಗೆ ಕಿವಿಗೊಡುವುದು. ದಪ್ಪ ಲಕೋಟೆ ಬಂದರೆ ಕತೆ ತಿರುಗಿ ಬಂತೆಂದೇ ಅರ್ಥ. ಪೋಸ್ಟ್‌ಮನ್ ಮಾತ್ರ ಓಣಿಯ ತುದಿಯಿಂದಲೇ ದಪ್ಪನೆಯದು ಬಂದಿದೆ ಎಂದು ಖುಷಿಯಿಂದ ಕೂಗುತ್ತಿದ್ದ. ದಪ್ಪ ಎಂದರೆ ದೊಡ್ಡ ಸುದ್ದಿ ಎಂದು ಅವನ ಲೆಕ್ಕ.

ಅಂಥ ಸಂಜೆಗಳಲ್ಲಿ ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ, ತಿರುಗಿ ಬಂದದ್ದನ್ನು ಓದಿ ಹೇಳು ಎನ್ನುತ್ತಿದ್ದಳು. ಓದುತ್ತಿದ್ದೆ. ಅಷ್ಟು ಮನಸ್ಸಿಟ್ಟು ಕೇಳುವ ಸಂಪಾದಕರು ನನಗೆ ಇಂದಿಗೂ ಸಿಕ್ಕಿಲ್ಲ. ಒಮ್ಮೆ ಓದಿ ಮುಗಿಸಿದಾಗ ಆಕೆ ಮೊರ ಬದಿಗಿಟ್ಟು ಹೇಳಿದಳು:

“ನಿನ್ನ ಕತ್ಯಾಗ ಮಂದಿ ಬರೇ ಸಾಯ್ತಾರ. ಅಳಾಕ ಒಬ್ಬರೂ ಬರಂಗಿಲ್ಲಲೋ.”

ಆಕೆಗೆ ಒಬ್ಬಳೇ ಮಗಳು. ದೇವಿಕೊಪ್ಪದ ಕಡೆ ಕೊಟ್ಟಿದ್ದರು. ಒಂದು ಬೆಳಗ್ಗೆ ನೀರಿಗೆಂದು ಹೋದವಳು ತಿರುಗಿ ಬರಲಿಲ್ಲ ಎಂದು ಬೀಗರು ಹೇಳಿಕಳಿಸಿದ್ದರು. ಬಾವಿ, ಕೆರೆ, ಅಡವಿ ಎಲ್ಲ ಹುಡುಕಿಸಿದರು. ಹೆಣ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಬದುಕಿರಬಹುದಾದವರನ್ನು ಹಾಡ್ಯಾಡಿ ಅತ್ತರೆ ಅವರ ಆಯುಷ್ಯ ಕಡಿಯುತ್ತದೆ ಎಂದು ಓಣಿಯ ಹಿರಿಯರ ನಂಬಿಕೆ. ಹಾಗಾಗಿ ಊರಿಗೆಲ್ಲ ಅತ್ತವಳು ಮಗಳಿಗೆ ಅಳಲಿಲ್ಲ. ಬೇರೆಯವರ ಹೆಣದ ಮುಂದೆ ಅಳುವಾಗ ಒಮ್ಮೊಮ್ಮೆ ರಾಗ ಎತ್ತಲೋ ತಿರುಗುತ್ತಿತ್ತು. ಆಕೆ ತಟ್ಟನೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು. ಸುತ್ತಲಿನ ಹೆಂಗಸರು ನೆಲ ನೋಡುತ್ತಿದ್ದರು. ಆ ಅಳುವಿಗಿಂತ ಅದು ಹಾಗೆ ನಿಲ್ಲುವುದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ಸುಗ್ಗಿಯ ದಿನಗಳಲ್ಲಿ ಒಂದು ಮಧ್ಯಾಹ್ನ ಆಯಿ ಪಡಸಾಲೆಗೆ ಬಂದು ನನ್ನ ಎದುರು ಕುಳಿತಳು.

“ಹೆಂಗೂ ಕೊಲ್ಲಾಂವ ಅದೀ. ನನ್ನ ಮಗಳನ್ನ ಒಂದು ಕತ್ಯಾಗ ಸಾಯಸು. ನಾ ಅಳಬೇಕು.”

ಆಗುವುದಿಲ್ಲ ಎಂದೆ. ಆಯುಷ್ಯದ ಮಾತು ನೆನಪಿಸಿದೆ. ಸುದ್ದಿ ಕೇಳಿ ಅತ್ತರೆ ಅತ್ತವರಿಗೆ ದೋಷವಿಲ್ಲ, ಸುದ್ದಿ ಎಲ್ಲಿಂದಲಾದರೂ ಬರಲಿ ಎಂಬುದು ಆಕೆಯ ವಾದ. ಹಾಗಾದರೆ ದೋಷ ಯಾರಿಗೆ ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ದಿನಗಟ್ಟಲೆ ಬರೆದೆ, ಹರಿದೆ. ಅಷ್ಟು ಜನರನ್ನು ಕಾಗದದ ಮೇಲೆ ಕೊಂದವನ ಕೈಯಲ್ಲಿ ಆ ಒಬ್ಬ ಹುಡುಗಿ ಸಾಯಲು ಒಪ್ಪಲಿಲ್ಲ. ಕಣ್ಣು ಮುಚ್ಚಿದರೆ ಬಾವಿಯ ದಂಡೆಯ ಮೇಲೆ ಕೊಡ ಇಟ್ಟು ನಿಂತು ನನ್ನ ಕಡೆಯೇ ನೋಡುತ್ತಿದ್ದಳು. ಕೊನೆಗೆ, ಎಲ್ಲೋ ದೂರದ ಊರಿನಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಬರೆದು, ಆಯಿಯ ಮುಂದೆ ಓದಿದೆ.

ಆಯಿ ಅಳಲಿಲ್ಲ. ಬಾಯಿಗೆ ನೀರು ಬಿಟ್ಟವರು ಯಾರು ಎಂದು ಕೇಳಿದಳು. ನಾನು ಬರೆದಿರಲಿಲ್ಲ. ಬಾಜು ಮನೆಯ ಹೆಣ್ಣುಮಗಳು ಎಂದೆ. ತಲೆ ಯಾರ ತೊಡೆಯ ಮೇಲಿತ್ತು ಎಂದಳು. ಅದೇ ಹೆಣ್ಣುಮಗಳದು ಎಂದೆ. ಏನು ಉಟ್ಟಿದ್ದಳು ಎಂದಳು. ಹಸಿರು ಸೀರೆ ಎಂದೆ, ಎಲ್ಲಿಂದ ಬಂತೋ ಆ ಬಣ್ಣ.

“ಹಂಗಾರ ಒಬ್ಬಾಕೀನ ಇರಲಿಲ್ಲ,” ಎಂದಳು. ಆಮೇಲೆ ಬಲಗೈ ನೆಲಕ್ಕೆ ಬಿತ್ತು.

ಅಂಥ ಅಳು ನಾನು ಮತ್ತೆ ಕೇಳಿಲ್ಲ. ಮಗಳು ತೊಟ್ಟಿಲಲ್ಲಿ ನಕ್ಕದ್ದು, ಹತ್ತಿ ಬಿಡಿಸುತ್ತ ಹೊಲದಲ್ಲೇ ನಿದ್ದೆ ಹೋದದ್ದು, ಗಂಡನ ಮನೆಗೆ ಹೋಗುವಾಗ ಬಾಗಿಲು ಹಿಡಿದು ನಿಂತದ್ದು, ಒಂದೂ ಬಿಡಲಿಲ್ಲ. ಓಣಿಯ ಹೆಂಗಸರು ಕೈಯ ಹಿಟ್ಟು ತೊಳೆಯದೆ ಓಡಿ ಬಂದರು. ನನ್ನ ಕೈಯಲ್ಲಿ ಕಾಗದ ಕಂಡರು. ದಿನ ಬೆಳಗಾದರೆ ಟಪಾಲು ಕಾಯುವವನು ನಾನೊಬ್ಬನೇ. ಸುದ್ದಿ ಬಂದಿದೆ ಎಂದುಕೊಂಡರು. ಆಕೆಯನ್ನು ತಬ್ಬಿ ಕುಳಿತು ದನಿಗೂಡಿಸಿದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಮನೆಮನೆಯಿಂದ ರೊಟ್ಟಿ, ಝುಣಕ ಬಂತು. ಇದು ಬರೀ ಕತೆ ಎನ್ನಲು ಬಾಯಿ ತೆರೆದೆ. ಮಾವ ನನ್ನ ಭುಜ ಹಿಡಿದು, ಸುಮ್ಮನಿರು ಎಂಬಂತೆ ಒತ್ತಿದರು. ಹೀಗೆ ಇಡೀ ಊರಿನ ಪಾಲಿಗೆ ಆ ಹುಡುಗಿ ಸತ್ತಳು.

ಅಂದಿನಿಂದ ಯಾರ ಹೆಣದ ಮುಂದೆಯೂ ಆಯಿಯ ದನಿ ನಡುವೆ ನಿಲ್ಲಲಿಲ್ಲ. ನನಗೆ ಮಾತ್ರ ಬಹಳ ದಿನ ಬರೆಯಲಾಗಲಿಲ್ಲ. ಕತೆಯನ್ನೇ ನಿಜವೆಂದು ಆಕೆ ನಂಬಿಬಿಟ್ಟಳೇ ಎಂಬ ಅನುಮಾನ ಕೊರೆಯುತ್ತಿತ್ತು, ಕೇಳುವ ಧೈರ್ಯವಿರಲಿಲ್ಲ. ಕೆಲವು ವರ್ಷಗಳ ಮೇಲೆ ಆಯಿ ಹಾಸಿಗೆ ಹಿಡಿದಳು. ತೀರಿಕೊಳ್ಳುವ ಮುಂಚೆ ನನ್ನನ್ನು ಕರೆಸಿ, ಹತ್ತಿರ ಕೂಡಿಸಿಕೊಂಡು ಹೇಳಿದಳು:

“ಎಂದಾರ ಅಕಿ ಬಂದ್ರ, ನೀ ಬರದದ್ದು ತೋರಸಬ್ಯಾಡ. ಅವ್ವ ಅತ್ತಿದ್ಲು ಅಂತನೂ ಹೇಳಬ್ಯಾಡ. ಮೊದಲ ಉಣ್ಣಾಕ ಹಾಕು.”

ಆಮೇಲೆ ನನ್ನ ಕತೆಗಳು ಅಚ್ಚಾದವು, ಪುಸ್ತಕಗಳೂ ಬಂದವು. ಅದೊಂದನ್ನು ಎಲ್ಲಿಗೂ ಕಳಿಸಿಲ್ಲ. ಈಗಲೂ ಊರಲ್ಲಿ ಬಸ್ಸಿನಿಂದ ಗುರುತಿಲ್ಲದ ಹೆಂಗಸೊಬ್ಬಳು ಇಳಿದು ನಮ್ಮ ಓಣಿಯ ದಾರಿ ಕೇಳಿದರೆ ನಾನೇ ಎದುರು ಹೋಗುತ್ತೇನೆ. ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ. ಊಟ ಆಗಿದೆಯೇ ಎಂದು ಕೇಳುತ್ತೇನೆ.