ಬೀರಪ್ಪ ಹೂ ಕೊಡದ ಮಧ್ಯಾಹ್ನ

ಆ ಮಧ್ಯಾಹ್ನ ನಮ್ಮ ದೇವರು ಬೀರಪ್ಪ ಹೂ ಕೊಡಲಿಲ್ಲ. ನನ್ನ ಮಗ ಊಟ ಬಿಟ್ಟು ಗುಡಿಯೊಳಗೆ ಕಂಬಳಿ ಹಾಸಿಕೊಂಡು ಕೂತಿದ್ದ. ಅವನ ಅಂಗಿಯ ಜೇಬಿನಲ್ಲಿ ಫೋನಿತ್ತು. ಆ ಫೋನು ಜೇಬಿನಿಂದ ಹೊರಗೆ ಬರದಿದ್ದರೆ ನನ್ನ ಮೊಮ್ಮಗಳ ಹೈದರಾಬಾದಿನ ಸೀಟು ಸಂಜೆ ಐದಕ್ಕೆ ಹೋಗಿಬಿಡುತ್ತಿತ್ತು.

ಇದನ್ನು ಬಿಡಿಸಿ ಹೇಳಬೇಕು, ನನಗೂ ಮೊದಲು ತಿಳಿದಿರಲಿಲ್ಲ. ನಾನು ತೆಲುಗು ಸೀಮೆಯ ಅಂಚಿನ ಮಕ್ತಲ್‌ನ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವಳು. ಆಮೇಲೆ ಕುರಿಮರಿ ನೋಡಿಕೊಳ್ಳಲು ಮನೆಗೆ ಒಬ್ಬರು ಬೇಕಾದರು, ಶಾಲೆ ಬಿಡಿಸಿದರು. ಅದಕ್ಕೆ ನಾನೇನೂ ಅಳಲಿಲ್ಲ. ಮಾಸ್ತರು ಹೊಡೆಯುತ್ತಿದ್ದರು, ಕುರಿ ಹೊಡೆಯುತ್ತಿರಲಿಲ್ಲ. ಈಗಿನ ಕಾಲೇಜಿನ ವ್ಯವಹಾರವೇ ಬೇರೆ. ಅರ್ಜಿ ಹಾಕುವುದು ಫೋನಿನಲ್ಲಿ, ಸೀಟು ಬಂತೆಂದು ತಿಳಿಯುವುದು ಫೋನಿನಲ್ಲಿ, ಬಂದ ಸೀಟು ನನಗೆ ಬೇಕು ಎಂದು ಹೇಳುವುದೂ ಫೋನಿನಲ್ಲೇ. ಹಾಗೆ ಹೇಳುವಾಗ ಒಂದು ನಂಬರು ಕಳಿಸುತ್ತಾರೆ, ಅದನ್ನು ತಿರುಗಿ ಬರೆದು ತೋರಿಸಬೇಕು. ಹುಡುಗರು ಓಟಿಪಿ ಅನ್ನುತ್ತಾರೆ. ಅದು ಆಧಾರ್‌ಗೆ ಕೊಟ್ಟ ಫೋನಿಗೇ ಬರುತ್ತದೆ. ನಮ್ಮ ಹುಡುಗಿಯ ಆಧಾರ್‌ಗೆ ಕೊಟ್ಟದ್ದು ಅವಳ ಅಪ್ಪನ ನಂಬರು. ಬೇಕು ಅನ್ನುವವಳು ಅವಳು, ಕೀಲಿಕೈ ಇವನ ಜೇಬಿನಲ್ಲಿ.

ಸೀಟು ಬಂದದ್ದು ಹೈದರಾಬಾದಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಅಲ್ಲೇ ಹಾಸ್ಟೆಲ್. ಕಣ್ಣಿಗೆ ಕಾಣದ ಹುಳುಗಳ ಬಗ್ಗೆ ಓದುವುದಂತೆ. ಕಾಣದಿದ್ದ ಮೇಲೆ ಏನು ಓದುತ್ತೀ ಎಂದು ಕೇಳಿದ್ದೆ. "ಹೋದ ವರ್ಷ ನಮ್ಮ ಮರಿಗಳು ಹೊಟ್ಟಿ ಉಬ್ಬಿ ಸತ್ತವಲ್ಲ ಆಯಿ, ಅವನ್ನ ಕೊಂದದ್ದು ಅಂಥಾ ಹುಳಾನ," ಎಂದಳು. ಆಮೇಲೆ ನಾನು ಕೇಳಲು ಹೋಗಲಿಲ್ಲ.

ಇನ್ನೊಂದು ದಾರಿ ಗದ್ವಾಲ. ನನ್ನ ಸೊಸೆಯ ತವರು ಅಲ್ಲಿ. ಜುರಾಲಾ ಡ್ಯಾಮ್ ದಾಟಿದರೆ ಬಂತು. ಅವಳ ಅಣ್ಣ, ಅಂದರೆ ಹುಡುಗಿಯ ಸೋದರಮಾವ, ಸೀಟು ಬಂದ ಸುದ್ದಿ ಕೇಳಿದಾಗಿನಿಂದ ಒಂದೇ ಹಾಡು ಹಾಡುತ್ತಿದ್ದ: ಗದ್ವಾಲದಲ್ಲೂ ಡಿಗ್ರಿ ಕಾಲೇಜಿದೆ, ಹುಡುಗಿ ನಮ್ಮ ಮನೆಯಲ್ಲಿರಲಿ. ಅಲ್ಲಿ ಈ ಹುಳುಗಳ ಓದು ಇಲ್ಲ. "ಹುಳ ಇಲ್ಲದಿದ್ರ ಬ್ಯಾರೇದು ಐತಿ," ಎಂದಿದ್ದ. ಸೊಸೆ ಅಣ್ಣನ ಪಾರ್ಟಿ. ಕಣ್ಣ ಮುಂದೆ ಇರುತ್ತಾಳೆ ಎನ್ನುವುದು ಅವಳ ಲೆಕ್ಕ.

ನನ್ನ ಮಗ ಯಾವ ಪಾರ್ಟಿಯೂ ಅಲ್ಲ. ಅದೇ ತೊಂದರೆ. ಹುಂ ಅನ್ನಲಿಲ್ಲ, ಊಹುಂ ಅನ್ನಲಿಲ್ಲ, ದಿನ ದೂಡಿದ. ಕಡೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, "ಯವ್ವಾ, ಬೀರಪ್ಪನ ಕೇಳದ ನಾ ಏನೂ ಮಾಡಂಗಿಲ್ಲ," ಎಂದ.

ಮೊಮ್ಮಗಳು ಒಲೆಯ ಹತ್ತಿರ ಕೂತಿದ್ದಳು. "ಅಪ್ಪಾ, ಬೀರಪ್ಪನ ಕೇಳೋದಿದ್ರ ಅರ್ಜಿ ಹಾಕೂಮುಂದ ಕೇಳಬೇಕಿತ್ತಲ್ಲ. ಆಖರಿ ದಿನ ಕೇಳ್ತೀಯಲ್ಲ."

"ಆಗ ನಿನಗ ಸೀಟು ಸಿಗತೈತಂತ ಯಾರಿಗೆ ಗೊತ್ತಿತ್ತು?"

ಅಷ್ಟು ಸತ್ಯವನ್ನು ಅವನು ಆ ತಿಂಗಳಲ್ಲಿ ಬೇರೆ ಯಾವತ್ತೂ ಆಡಿರಲಿಲ್ಲ. ಸೀಟು ಬರುವುದಿಲ್ಲ ಎಂದುಕೊಂಡೇ ಅರ್ಜಿಗೆ ಒಪ್ಪಿದ್ದ.

ನಮ್ಮಲ್ಲಿ ಹೂ ಕೇಳುವುದು ಹೀಗೆ. ಪೂಜಾರಿ ದೇವರಿಗೆ ನೀರು ಹಾಕಿ, ಅರಿಸಿನದ ಬಂಡಾರ ಹಚ್ಚಿ, ಬಲಕ್ಕೊಂದು ಎಡಕ್ಕೊಂದು ಬಿಳಿ ಕಣಗಿಲೆ ಹೂ ಅಂಟಿಸುತ್ತಾನೆ. ಕೇಳುವವನು ಕಂಬಳಿಯ ಮೇಲೆ ಕೂತು ಕೇಳಬೇಕು. ಬಲದ ಹೂ ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಬೀಳುವ ತನಕ ಏಳುವಂತಿಲ್ಲ, ಉಣ್ಣುವಂತಿಲ್ಲ. ಮದುವೆಗೆ ಕೇಳುತ್ತೇವೆ, ಬಾವಿ ತೋಡಲು ಕೇಳುತ್ತೇವೆ, ಕುರಿಹಿಂಡು ಹೊರಗೆ ಹೊರಡುವಾಗ ಯಾವ ದಿಕ್ಕಿಗೆ ಎಂದು ಕೇಳುತ್ತೇವೆ. ನಾನೂ ಕೇಳಿದವಳೇ, ಬೀರಪ್ಪನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮದುವೆಯ ಹೂ ಕೇಳುವುದು ಬೇಸಿಗೆಯಲ್ಲಿ. ಬಂಡಾರ ಬೇಗ ಒಣಗುತ್ತದೆ, ಹೂವೂ ಬೇಗ ಬೀಳುತ್ತದೆ. ಆವತ್ತು ಮಿರಗದ ಮಳೆ ಹಿಡಿದು ಗೋಡೆಯೆಲ್ಲ ಬೆವರುತ್ತಿತ್ತು. ಮೈ ತಣ್ಣಗಿದ್ದ ಕಲ್ಲಿಗೆ ಹೂ ಅಂಟಿದ್ದು ಅಂಟಿದ ಹಾಗೇ ಇತ್ತು. ಇದನ್ನು ನಾನು ಗುಡಿಯೊಳಗೆ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲಿ ಏನು ಹೇಳಬೇಕೆನ್ನುವುದು ನನಗೆ ಗೊತ್ತು.

ನಾವು ಊಟ ಕಟ್ಟಿಕೊಂಡು ಹೋದಾಗ ಹೊತ್ತು ಇಳಿದಿತ್ತು. ಮಗ ಬೆಳಿಗ್ಗೆ ಕೂತ ಹಾಗೇ ಕೂತಿದ್ದ. ಪೂಜಾರಿ ನನ್ನ ಮೈದುನ, ಗಂಡನ ತಮ್ಮ. ಅವನಿಗೂ ಸೊಂಟ ಹಿಡಿದಿತ್ತು.

"ಇನ್ನ ಎಷ್ಟೊತ್ತಪ್ಪ?" ಎಂದು ಕೇಳಿದೆ.

"ದೇವ್ರಿಗೆ ಟೈಮ್ ಹೇಳಾಕ ಬರಂಗಿಲ್ಲ ಅತ್ತಿಗಿ."

"ಕಂಪ್ಯೂಟರಿಗೂ ಹೇಳಾಕ ಬರಂಗಿಲ್ಲಂತ. ಐದಕ್ಕ ಮುಚ್ಚತೈತಿ."

ಮೊಮ್ಮಗಳು ಹೊಸ್ತಿಲಲ್ಲಿ ತನ್ನ ಫೋನು ಹಿಡಿದು ಕೂತಳು. ತೆರೆದು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಸೊಸೆ ಕಂಬಕ್ಕೆ ಒರಗಿ ಹೂವನ್ನೇ ನೋಡುತ್ತಿದ್ದಳು. ಅವಳು ಎಡದ ಹೂ ನೋಡುತ್ತಿದ್ದಳು, ಮಗಳು ಬಲದ್ದು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿ, "ಸಣ್ಣ ಮುತ್ಯಾ, ಜರಾ ಫ್ಯಾನ್ ಹಾಕ್ರಿ," ಎಂದಳು.

"ಗುಡ್ಯಾಗ ಫ್ಯಾನ್ ಎಲ್ಲೈತೆವ್ವ?"

"ಅದಕ ಬೀಳವಲ್ದು."

ಪೂಜಾರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ. ನನ್ನ ಮಗ ತಿರುಗಲಿಲ್ಲ. "ಹೊರಗ ನಡಿ," ಎಂದ. ಅವಳು ಎದ್ದಳು, ಹೊಸ್ತಿಲಿನ ಆಚೆ ಕಾಲು ಇಟ್ಟು ಮತ್ತೆ ಅಲ್ಲೇ ಕೂತಳು.

"ಅಪ್ಪಾ, ನಂಬರಷ್ಟ ಕೊಡು. ಒತ್ತಿ ಇಡ್ತೀನಿ. ಎಡದ ಹೂ ಬಿದ್ರ ನಾ ಹೋಗಂಗಿಲ್ಲ."

"ಒತ್ತಿದ ಮ್ಯಾಲ ಹೋಗಂಗಿಲ್ಲಂತ ಯಾರಿಗೆ ಹೇಳ್ತಿ?"

"ನಿನಗ ಹೇಳಾಕತ್ತೀನಿ."

ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ. ಫೋನಿಗೆ ಕಾಲು ಬಂದು ಓಡಿಹೋಗುತ್ತದೇನೋ ಎಂಬಂತೆ.

ಅಷ್ಟರಲ್ಲಿ ಆ ಫೋನೇ ಬಡಿಯಿತು. ಗದ್ವಾಲದವನು. ಗುಡಿಯೊಳಗೆ ಕಿವಿಗೆ ಹಿಡಿಯಲು ನಾಚಿಕೊಂಡು ಮಗ ಅದನ್ನು ಕಂಬಳಿಯ ಮೇಲಿಟ್ಟು ಸ್ಪೀಕರ್ ಹಾಕಿದ.

"ಬಾವಾ, ಇನ್ನಾ ಬೀಳಲಿಲ್ಲೇನು? ಅಂದ್ರ ತಿಳೀಲಿಲ್ಲೇನು ನಿಮಗ, ದೇವ್ರಿಗೆ ಮನಸಿಲ್ಲ. ಇಲ್ಲಿ ತಂದು ಬಿಡ್ರಿ. ನಮ್ಮಾಕಿಗೂ ಮಣಕಾಲು ನೋವು, ಕೈಗೊಬ್ರು ಆಗತಾರ."

ನನ್ನ ಮಗ, "ನೋಡ್ತೀನಿ ಬಾವಾ," ಎಂದು ಫೋನು ಮತ್ತೆ ಜೇಬಿಗೆ ಇಳಿಸಿದ.

ಸೊಸೆ ಕಂಬ ಬಿಟ್ಟು ನೆಟ್ಟಗೆ ನಿಂತಿದ್ದಳು. ತವರಿನವರ ಮೇಲೆ ಒಂದು ಮಾತು ಆಡದ ಹೆಣ್ಣು ಅವಳು. ನಾನು ಆಡಿದರೆ ಮೂರು ದಿನ ನನ್ನ ಜೊತೆ ಮಾತು ಬಿಡುವವಳು. ಈಗ ಅವಳೇ ಹೇಳಿದಳು:

"ಅಲ್ಲಿ ಇಟ್ರ ಇದು ಓದಂಗಿಲ್ರಿ. ಅಡಿಗಿ ಮಾಡತೈತಿ."

"ಈಗ ಹೇಳ್ತಿ?" ಎಂದ ಮಗ.

"ಅಣ್ಣ ಈಗ ಹೇಳ್ದ, ನಾನೂ ಈಗ ಹೇಳ್ದೆ."

ಆಗಲಾದರೂ ಅವನು ಎದ್ದುಬಿಡಬಹುದಿತ್ತು. ಏಳಲಿಲ್ಲ. ಮತ್ತೆ ಹೂವಿನ ಕಡೆ ತಿರುಗಿದ. ಅವನ ಮನಸ್ಸು ನನಗೆ ಗೊತ್ತಿತ್ತು, ಹೆತ್ತವಳು ನಾನೇ. ಹೈದರಾಬಾದಿನಲ್ಲಿ ನಾಳೆ ಏನಾದರೂ ಆದರೆ ಊರವರು ಯಾಕೆ ಕಳಿಸಿದೆ ಎನ್ನುತ್ತಾರೆ. ಆಗ ಬೀರಪ್ಪ ಕಳಿಸು ಅಂದ ಎಂದು ಹೇಳಲು ಅವನಿಗೆ ಒಂದು ಹೂ ಬೇಕಿತ್ತು. ಹುಡುಗಿಯನ್ನು ಕಳಿಸದಿದ್ದರೆ, ಅವಳು ಜೀವಮಾನ ಬೈದರೂ ಹೇಳಲು ಅವನಿಗೆ ಅದೇ ಹೂ ಬೇಕಿತ್ತು.

ಗಂಟೆ ನಾಲ್ಕೂವರೆ ಎಂದಳು ಹುಡುಗಿ.

ನಾನು ಒಳಗೆ ಹೋಗಿ ಮಗನ ಪಕ್ಕದಲ್ಲಿ ಕೂತೆ. "ಏನಂತ ಕೇಳೀದಿ?"

"ಹೈದರಾಬಾದಿಗೆ ಕಳಸಲೇನಪ್ಪ ಅಂತ."

"ಬೀಳಲಿಲ್ಲ. ಈಗ ಗದ್ವಾಲಕ್ಕ ಕಳಸಲೇನಪ್ಪ ಅಂತ ಕೇಳು."

ಪೂಜಾರಿ ನಡುವೆ ಬಾಯಿ ಹಾಕಿದ. "ಒಂದು ಮುಗೀದ ಇನ್ನೊಂದು ಕೇಳಂಗಿಲ್ಲ ಅತ್ತಿಗಿ. ಪದ್ಧತಿ ಇಲ್ಲ."

"ನಿಮ್ಮಣ್ಣ ಹಿಂಡು ಹೊರಗ ಒಯ್ಯೂಮುಂದ ತೆಂಕಣಕ್ಕ ಹೋಗ್ಲೇನಂತ ಕೇಳಿದ್ದ. ಬೀಳಲಿಲ್ಲ. ಅಲ್ಲೇ ಕೂತು ಪಡುವಣಕ್ಕ ಹೋಗ್ಲೇನಂತ ಕೇಳಿದ. ಆಗ ಪೂಜಾರಿ ನಿಮ್ಮಪ್ಪ. ಬ್ಯಾಡ ಅಂದಿದ್ನೇನು?"

"ಅದು ಕುರೀದು."

"ಕುರಿಗೊಂದು ಪದ್ಧತಿ, ಹುಡುಗಿಗೊಂದು ಪದ್ಧತಿ ಐತೇನು?"

ಮೈದುನ ಮಗನ ಮುಖ ನೋಡಿದ. ಮಗ ಕಣ್ಣು ಮುಚ್ಚಿ ಕೈಮುಗಿದು ಗಟ್ಟಿಯಾಗಿಯೇ ಕೇಳಿದ: "ಗದ್ವಾಲಕ್ಕ ಕಳಸಲೇನಪ್ಪ. ಬಲ ಕೊಡು, ಎಡ ಕೊಡು, ಏನರ ಕೊಡು."

ಹೊಸ್ತಿಲಿನಿಂದ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. "ಆಯಿ, ನೀ ಯಾರ ಕಡೀಗಿದ್ದಿ?" ಎಂದಳು.

ಹೇಳುವಾಗ ಸುಲಭವಾಗಿ ಹೇಳಿಬಿಟ್ಟಿದ್ದೆ. ಈಗ ಬಲದ ಹೂ ಬಿದ್ದರೆ ಗದ್ವಾಲವೇ ಗಟ್ಟಿ, ಆಮೇಲೆ ನಾನು ತಲೆ ಕುಟ್ಟಿಕೊಂಡರೂ ಅವನು ಕೇಳುವವನಲ್ಲ. ಆ ಹೊತ್ತಿಗೆ ಎಲ್ಲಿಂದಲೋ ಒಂದು ನೊಣ ಬಂತು. ಬಲದ ಹೂವಿನ ಮೇಲೆ ಕೂತಿತು. ಹೂ ಒಂದಿಷ್ಟು ಜಾರಿ ಬಂಡಾರದ ಮೇಲೆ ಗೆರೆ ಎಳೆಯಿತು. ಸೊಸೆ ಸೆರಗು ಬಾಯಿಗೆ ಹಿಡಿದಳು. ನೊಣ ಕಾಲು ತಿಕ್ಕಿಕೊಂಡು, ಹೂವಿನ ತುಂಬ ಓಡಾಡಿ, ಎದ್ದುಹೋಯಿತು. ಹೂ ಅಲ್ಲೇ ನಿಂತಿತು.

ನಾವೂ ಕಾದೆವು. ಹೊರಗೆ ಯಾರೋ ಟ್ರ್ಯಾಕ್ಟರ್ ಓಡಿಸಿಕೊಂಡು ಹೋದರು. ನೆಲ ನಡುಗಿತು, ಹೂ ನಡುಗಲಿಲ್ಲ.

"ಸಾಕು," ಎಂದೆ. "ಹೈದರಾಬಾದಿಗೂ ಕೊಡವಲ್ಲ, ಗದ್ವಾಲಕ್ಕೂ ಕೊಡವಲ್ಲ. ಅವ ಮಾತಾಡಂಗಿಲ್ಲ ಇವತ್ತು. ನೀ ಮಾತಾಡು."

ಮಗ ಪೂಜಾರಿಯ ಕಡೆ ನೋಡಿದ. "ಕಾಕಾ?"

"ನನ್ನ ಏನು ಕೇಳ್ತಿ? ಮಗಳು ನಿಂದು." ಅಷ್ಟು ಹೇಳಿ ಮೈದುನ ಸೊಂಟ ಹಿಡಿದುಕೊಂಡು ಎದ್ದುಬಿಟ್ಟ. ಹೂ ಬೀಳುವ ಮೊದಲು ಪೂಜಾರಿ ಎದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಗ ಇನ್ನೂ ಒಂದು ಗಳಿಗೆ ಕೂತ. ಆಮೇಲೆ ಜೇಬಿನಿಂದ ಫೋನು ತೆಗೆದು ಹೊಸ್ತಿಲಿಗೆ ಬಂದ. "ಒತ್ತು," ಎಂದ.

ಅವಳು ಒತ್ತಿದಳು. ಎಲ್ಲರೂ ಕಡೆಯ ದಿನವೇ ಒತ್ತುತ್ತಾರೆ ಎಂದು ಕಾಣುತ್ತದೆ, ಅವಳ ಫೋನಿನಲ್ಲಿ ಒಂದು ಉಂಗುರ ಸುಮ್ಮನೆ ತಿರುಗತೊಡಗಿತು. ಮಗನ ಫೋನಿಗೆ ನಂಬರು ಬಂತು. ಅವನು ಶಾಲೆಯಲ್ಲಿ ಲೆಕ್ಕ ಕಲಿತದ್ದು ತೆಲುಗಿನಲ್ಲಿ. ಗಾಬರಿಯಾದಾಗ ಅದೇ ಬಾಯಿಗೆ ಬರುತ್ತದೆ. ಒಂದೊಂದನ್ನೇ ತೆಲುಗಿನಲ್ಲಿ ಕೂಗಿ ಹೇಳಿದ. ಅವಳು ಬರೆಯುವಷ್ಟರಲ್ಲಿ ಆ ನಂಬರಿನ ಗಡುವು ಮುಗಿಯಿತು ಎಂದಿತು ಫೋನು. ಮತ್ತೆ ಕೇಳಿದಳು. ಉಂಗುರ ತಿರುಗಿತು.

"ನಾ ಇಷ್ಟೊತ್ತು ಕೂತಿದ್ನಲ್ಲ," ಎಂದ ಮಗ, ಯಾರಿಗೂ ಅಲ್ಲ.

"ಬಾಯಿ ಮುಚ್ಚಿ ನಂಬರು ನೋಡು," ಎಂದೆ.

ಎರಡನೆಯದು ಬಂತು. ಈ ಸಲ ಅವನು ಹೇಳಲಿಲ್ಲ, ಫೋನನ್ನೇ ಅವಳ ಕಣ್ಣ ಮುಂದೆ ಹಿಡಿದ. ಸೊಸೆ ಅವನ ಕೈ ಅಲ್ಲಾಡದಂತೆ ಹಿಡಿದಳು. ಹುಡುಗಿ ಒತ್ತಿದಳು. ಉಂಗುರ ತಿರುಗಿ ತಿರುಗಿ ನಿಂತಿತು, ಹಸಿರು ಅಕ್ಷರ ಬಂದವು. "ಆತು," ಎಂದಳು. ಐದು ಆಗಿರಲಿಲ್ಲ.

ಯಾರೂ ಕುಣಿಯಲಿಲ್ಲ. ಸೊಸೆ ರೊಟ್ಟಿಯ ಗಂಟು ಬಿಚ್ಚಿದಳು, ಮಗ ಗುಡಿಯ ಕಟ್ಟೆಯ ಮೇಲೆ ಕೂತು ಉಂಡ.

ಮರುದಿನ ಬೆಳಿಗ್ಗೆ ಪೂಜಾರಿ ಬಾಗಿಲು ತೆಗೆದಾಗ ಒಂದು ಹೂ ಬಿದ್ದಿತ್ತಂತೆ, ದೇವರ ನೇರಕ್ಕೆ, ಸರಿಯಾಗಿ ನಡುವೆ. ಇನ್ನೊಂದನ್ನು ಇಲಿ ಒಯ್ದಿತ್ತು. ಹಾಗಾಗಿ ಉಳಿದದ್ದು ಬಲದ್ದೋ ಎಡದ್ದೋ ಗೊತ್ತಾಗಲಿಲ್ಲ. ಮಗ ಮತ್ತು ಮೈದುನ ಕೂತಲ್ಲಿ ನಿಂತಲ್ಲಿ ಅದನ್ನೇ ವಾದ ಮಾಡಿದರು. ನಾನು ಕಸ ಹೊಡೆದು ಹಾಕು ಎಂದೆ.

ಹುಡುಗಿ ಹೋದಳು. ಹೋದ ಮೊದಲ ತಿಂಗಳು ಅವಳ ಫೋನೆಂದರೆ ಅಳು. ಅನ್ನ ಸರಿಯಿಲ್ಲ, ಕೋಣೆಯವರು ಮಾತಾಡಿಸುವುದಿಲ್ಲ, ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ. ಒಂದು ಸಂಜೆ, "ನಾ ಬಂದುಬಿಡ್ತೀನಿ, ಗದ್ವಾಲಕ್ಕರ ಹಾಕ್ರಿ," ಎಂದೇಬಿಟ್ಟಳು. ಸೊಸೆ ಫೋನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಮಗನ ಮುಖ ನೋಡಿದೆ. ಅವನು ಗುಡಿಯ ದಿಕ್ಕಿಗೆ ತಿರುಗುತ್ತಾನೆ, ಕಂಬಳಿ ಕೇಳುತ್ತಾನೆ ಎಂದುಕೊಂಡೆ.

ಫೋನು ಇಸಿದುಕೊಂಡ. "ಇಲ್ಲಿ ಕೇಳವ್ವ," ಎಂದ. "ಬೀರಪ್ಪ ಹೋಗು ಅಂದಿಲ್ಲ, ಬ್ಯಾಡ ಅಂದಿಲ್ಲ. ಕಳಿಸಿದಾವ ನಾನು. ಭಾನುವಾರ ಬಸ್ಸಿಗೆ ಬರ್ತೀನಿ. ಅಲ್ಲೀತನ ಇರು."

ಆಚೆಯಿಂದ ಅವಳು ಏನೋ ಹೇಳಿದಳು.

"ರೊಟ್ಟಿ ತರ್ತೀನಿ, ಹಚ್ಚಿಕೊಂಡು ತಿನ್ನಾಕ ಶೇಂಗಾ ಹಿಂಡಿ ತರ್ತೀನಿ. ಮತ್ತೇನು?" ಎಂದ.

ನಾನು ಎದ್ದು ಶೇಂಗಾ ಹುರಿಯಲು ಹೋದೆ.