ದಡ್ಡಿಯಿಂದ ತಂದ ತತ್ತಿಗಳು

ಈ ಪ್ರಯಾಣದ ಬಗ್ಗೆ ಬರೆಯಲು ಕೂತಾಗಲೆಲ್ಲ ಬೇರೇನನ್ನೋ ಬರೆದು ಎದ್ದಿದ್ದೇನೆ. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ ಎಂದು ನೆಪ ಹೇಳಿಕೊಂಡೆ. ನಿಜವೆಂದರೆ ಧೈರ್ಯ ಇರಲಿಲ್ಲ. ಹೋಗಿ ಬರಲು ಎರಡು ದಿನ ಹಿಡಿದ ಸಣ್ಣ ಪ್ರಯಾಣ ಅದು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತು. ನಾನು ಆಗಷ್ಟೇ ನೌಕರಿಯಿಂದ ನಿವೃತ್ತನಾಗಿದ್ದೆ.

ತುಕ್ಕಾನಟ್ಟಿಯಲ್ಲಿ ನಮ್ಮ ಬಾಜೂಕ್ಕೆ ಒಂದು ಜೈನ ಒಕ್ಕಲು ಮನೆ. ಆ ಮನೆಯ ಹಿರಿಯ ಸೊಸೆ ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ನಾನು ತಂಗೆವ್ವ ಎನ್ನುತ್ತಿದ್ದೆ. ಗಂಡ ಸಾಂಗ್ಲಿಯಲ್ಲಿ ದಲಾಲರ ಅಡತಿ ಅಂಗಡಿಯ ಕೆಲಸದಲ್ಲಿದ್ದ. ಹೊಲ ನೋಡಿಕೊಳ್ಳುತ್ತಿದ್ದವರು ಆಕೆ ಮತ್ತು ಮೈದುನ ಜಿನ್ನಪ್ಪ. ಊರಿನಿಂದ ದೂರ, ಘಟಪ್ರಭೆಯ ದಂಡೆಗೆ ಅವರದೊಂದು ಪಟ್ಟಿ ಜಮೀನಿತ್ತು. ನೀರು ಬರದಂತೆ ಮಾವ ಕಟ್ಟಿಸಿದ್ದ ಒಡ್ಡನ್ನು ಆಕೆ ಎರಡು ಕಡೆ ಒಡೆಸಿ, ಮಳೆಗಾಲದ ಹೊಳೆ ಒಳಗೆ ಬಂದು ಹೋಗುವಂತೆ ಮಾಡಿದ್ದಳು. ಅಲ್ಲಿ ಕಬ್ಬು ಹಚ್ಚುವುದನ್ನೂ ಬಿಟ್ಟಿದ್ದಳು. ಮೂರು ಮಳೆಗಾಲದಲ್ಲಿ ಜೊಂಡು ತಾನಾಗಿ ಎದ್ದಿತು. ನಾವಿಬ್ಬರೂ ಹಚ್ಚಿದ ಹೊಳೆಮತ್ತಿ, ಹೊಂಗೆ ಎದೆಯೆತ್ತರ ಬಂದವು. ಹೊಸ ಉಸುಕು ಕೂತಿತು, ಕೊಕ್ಕರೆಗಳು ಇಳಿದವು. ಆಮೆ ಮಾತ್ರ ಬರಲಿಲ್ಲ.

"ನಾ ಲಗ್ನ ಆಗಿ ಬಂದಾಗ ಆಮಿ ಇಲ್ಲೇ ಬಿಸಲ ಕಾಸಗೊಂತ ಮಲಗಿರ್ತಿದ್ದುವರಿ," ಎನ್ನುತ್ತಿದ್ದಳು.

ಜಿನ್ನಪ್ಪನಿಗೆ ಇದು ಹುಚ್ಚು. "ನಮ್ಮ ವೈನಿ ಹೊಳಿಗಿ ಬಾಗಲಾ ತಗದ ಕೊಟ್ಟಾಳ," ಎಂದು ಕಟ್ಟೆಯ ಮೇಲೆ ಎಲ್ಲರೆದುರು ನಗುತ್ತಿದ್ದ. ಕೊನೆಗೊಂದು ದಿನ ನಗದೆಯೇ ಹೇಳಿದ: "ಮುಂಗಾರಿನೊಳಗ ಒಂದರ ಆಮಿಮರಿ ತೋರಸ್ರಿ. ಇಲ್ಲಾಂದ್ರ ಒಡ್ಡ ಮುಚ್ಚಿ ಕಬ್ಬ ಹಚ್ಚೂದ." ಆಕೆ ಆಗಲಿ ಎಂದಳು.

ಅದೇ ಹೊತ್ತಿಗೆ ಹುಕ್ಕೇರಿ ಆಚೆಯ ದಡ್ಡಿ ಎಂಬ ಊರಿನಿಂದ ಸುದ್ದಿ ಬಂತು. ಅಲ್ಲಿಯ ಹೊಳೆದಂಡೆಯಲ್ಲಿ ಆಮೆ ತತ್ತಿ ಇಟ್ಟಿದೆ, ಆದರೆ ಉಸುಕು ತುಂಬುವ ಟ್ರ್ಯಾಕ್ಟರುಗಳು ಆ ಜಾಗದ ಹತ್ತಿರ ಬಂದಿವೆ ಎಂದು ಮೀನು ಹಿಡಿಯುವ ಲಗಮಣ್ಣ ಹೇಳಿಕಳಿಸಿದ್ದ. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ಶಿವರಾತ್ರಿ ಮುಗಿದ ವಾರ ನಾವಿಬ್ಬರೂ ಹೊರಟೆವು. ಗೋಕಾಕ, ಹುಕ್ಕೇರಿ ದಾಟಿ ದಡ್ಡಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದ ಮೇಲೆ ತಂಗೆವ್ವ ಉಣ್ಣುವುದಿಲ್ಲ. ಲಗಮಣ್ಣನ ಅಂಗಳದಲ್ಲಿ ನಿಂತೇ ಕಟಕ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿದಳು. ಹೊಳೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕತ್ತಲಾಗುವವರೆಗೂ ಕೇಳುತ್ತಿತ್ತು.

ಬೆಳಗ್ಗೆ ಹೋಗಿ ನೋಡಿದರೆ ಗಾಲಿಯ ಗುರುತು ಗೂಡಿನಿಂದ ಒಂದು ಮಾರು ದೂರದಲ್ಲಿತ್ತು. ಕೈಯಿಂದಲೇ ಉಸುಕು ಸರಿಸಿದೆವು. ಬೆಳ್ಳಗೆ, ದುಂಡಗೆ, ನಿಂಬೆಗಿಂತ ಸ್ವಲ್ಪ ಸಣ್ಣ ತತ್ತಿಗಳು. ಇಂಥ ತತ್ತಿಯನ್ನು ಎತ್ತುವಾಗ ಒಂದು ನಿಯಮವಿದೆ. ಒಳಗಿನ ಜೀವ ಮೇಲ್ಬದಿಗೆ ಅಂಟಿಕೊಂಡಿರುತ್ತದೆ. ತತ್ತಿ ಮಗುಚಿತೆಂದರೆ ಅದು ಉಳಿಯುವುದಿಲ್ಲ. ಇದನ್ನು ಎಲ್ಲೋ ಓದಿ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ದುಂಡಗಿನ ತತ್ತಿಗೆ ಮೇಲು ಕೆಳಗು ತಿಳಿಯಬೇಕಲ್ಲ? ತಂಗೆವ್ವ ಸೆರಗಿನ ಗಂಟಿನಿಂದ ಕುಂಕುಮದ ಡಬ್ಬಿ ತೆಗೆದು, ಎತ್ತುವ ಮೊದಲೇ ಒಂದೊಂದರ ನೆತ್ತಿಗೂ ಬೊಟ್ಟು ಇಟ್ಟಳು. ಮನೆಯಲ್ಲಿ ಮಾಡಿದ ಕಪ್ಪುಗೆಂಪು ಕುಂಕುಮ. ಸಣ್ಣ ಬಕೆಟ್ಟಿನಲ್ಲಿ ಹಸಿ ಉಸುಕು ಹಾಕಿ ಜೋಡಿಸಿ, ಮೇಲೆ ನನ್ನ ಟವೆಲ್ ತೋಯಿಸಿ ಹೊದಿಸಿದೆವು.

ಹುಕ್ಕೇರಿಯಿಂದ ಹೊರಟ ಬಸ್ಸಿನಲ್ಲಿ ಬಕೆಟ್ ನನ್ನ ತೊಡೆಯ ಮೇಲಿತ್ತು. ತಗ್ಗು ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು, ಅದು ಅಲುಗದಂತೆ ಹಿಡಿಯುತ್ತಿದ್ದೆ. ಕಂಡಕ್ಟರ್ ಬಗ್ಗಿ ನೋಡಿದ.

"ಅಜ್ಜಾರ, ಬಕೆಟ್ಟಿಗೂ ತಿಕೀಟ ತಗಸ್ರಿ. ಏನೈತಿ ಅದರಾಗ?"

"ಹೊಟ್ಟ್ಯಾಗಿನ ಕೂಸಿಗಿ ತಿಕೀಟ ಕೊಡತೀರೇನ್ರಿ?" ಎಂದಳು ತಂಗೆವ್ವ. "ಇವೂ ಇನ್ನಾ ಹುಟ್ಟಿಲ್ಲ."

ಬಸ್ಸಿನವರೆಲ್ಲ ನಕ್ಕರು. ಘಟಪ್ರಭಾ ಊರಿನ ಹತ್ತಿರ ಬಂದಾಗ, ಹಕ್ಕಿಗಳು ತುಂಬಿದ ಧುಪದಾಳದ ಒಡ್ಡಿನ ನೀರು ದೂರದಿಂದ ಮಿಂಚಿತು. "ನಮ್ಮ ಪಟ್ಟಿಯೂ ಹಿಂಗ ಆಗ್ತೈತಿ ನೋಡ್ರಿ," ಎಂದಳು. ನನಗೆ ಮಾತ್ರ ಬಿಸಿಲಿನ ಚಿಂತೆ. ಟವೆಲ್ ಅಂಚಿನಿಂದ ಒಣಗುತ್ತ ಬರುತ್ತಿತ್ತು.

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನೆತ್ತಿ ಸುಡುವ ಮಧ್ಯಾಹ್ನ. ಟವೆಲ್ ಪೂರ್ತಿ ಒಣಗಿತ್ತು. ಅದನ್ನು ತೋಯಿಸಿಕೊಂಡು ಬರಲು ತಂಗೆವ್ವ ನಳದ ಕಡೆಗೆ ಹೊರಟಳು.

"ಬಕೆಟ್ ಕೈಯಾಗಿಂದ ಬಿಡಬ್ಯಾಡ್ರಿ, ಅಣ್ಣಾರ."

"ನನಗ ಹೇಳ್ತೀಯೇನವಾ?"

ಆಕೆ ಹೋದ ಕೂಡಲೇ ಮೂಡಲಗಿ ಬಸ್ಸು ಬಂತು, ಜನ ಮುತ್ತಿದರು. ನಮ್ಮ ಕಡೆಯ ರೂಢಿ ಎಲ್ಲರಿಗೂ ಗೊತ್ತು. ಕಿಟಕಿಯಿಂದ ಟವೆಲ್ಲೋ ಚೀಲವೋ ಸೀಟಿನ ಮೇಲೆ ಹಾಕಿದವನಿಗೆ ಜಾಗ. ನನ್ನ ಟವೆಲ್ ನಳದ ಹತ್ತಿರ ಹೋಗಿತ್ತು. ಕೈಯಲ್ಲಿದ್ದದ್ದು ಬಕೆಟ್ ಒಂದೇ. ಜಾಗ ಸಿಗದೆ ನಿಂತು ಹೋದರೆ ತತ್ತಿಗಳ ಗತಿಯೇನು ಎಂದು ಯೋಚಿಸಿದೆನೋ, ಏನೂ ಯೋಚಿಸಲಿಲ್ಲವೋ, ಇಂದಿಗೂ ತಿಳಿಯದು. ಬಕೆಟ್ ಎತ್ತಿ ಕಿಟಕಿಯಿಂದ ಸೀಟಿನ ಮೇಲೆ ಇಟ್ಟುಬಿಟ್ಟೆ.

ಬಾಗಿಲಿನಿಂದ ನುಗ್ಗಿ ಒಳಗೆ ಮುಟ್ಟುವಷ್ಟರಲ್ಲಿ, "ಯಾರದೋ ಇದು ಬಕೆಟ್?" ಎಂಬ ಕೂಗಿನ ಜೊತೆ ಅದು ಬಿದ್ದ ಸದ್ದು ಕೇಳಿತು. ತತ್ತಿಗಳು ಸೀಟಿನ ಕೆಳಗೆಲ್ಲ ಉರುಳಿದ್ದವು. ಜನರ ಕಾಲುಗಳ ನಡುವೆ ಮೊಣಕಾಲೂರಿ ಆರಿಸಿದೆ. ಒಂದೂ ಒಡೆದಿರಲಿಲ್ಲ. ಒಡೆದಿದ್ದರೆ ಬಹುಶಃ ನಿಜ ಹೇಳುತ್ತಿದ್ದೆ. ಆದರೆ ಹಸಿ ಉಸುಕಿಗೆ ತಿಕ್ಕಿ ಬೊಟ್ಟುಗಳೆಲ್ಲ ಅಳಿಸಿದ್ದವು. ಯಾವುದರ ನೆತ್ತಿ ಎತ್ತ ಎಂದು ಹೇಳುವ ಒಂದು ಗುರುತೂ ಇರಲಿಲ್ಲ.

ಡ್ರೈವರನ ಮುಂದೆ ದೇವರ ಪಟವಿತ್ತು, ಅದರಡಿ ಬಟ್ಟಲಲ್ಲಿ ಕುಂಕುಮ. ಡ್ರೈವರ್ ಚಹಾ ಕುಡಿಯಲು ಇಳಿದಿದ್ದ. ನಾನು ಹೋಗಿ ಚಿಟಿಕೆ ತುಂಬ ತಂದೆ. ತತ್ತಿಗಳನ್ನು ಸಿಕ್ಕ ಸಿಕ್ಕ ಹಾಗೆ ಉಸುಕಿನಲ್ಲಿ ಕೂರಿಸಿ ಬೊಟ್ಟು ಇಡತೊಡಗಿದೆ.

"ಏನ್ರಿ ಕಾಕಾ, ತತ್ತಿ ಪೂಜಿ ನಡಸೀರೇನು?" ಎಂದು ಹಿಂದಿನ ಸೀಟಿನವನೊಬ್ಬ ಕೇಳಿದ. ಕೊನೆಯ ಬೊಟ್ಟು ಇಟ್ಟು ಮುಗಿಸುವಾಗ ತಂಗೆವ್ವ ತೊಯ್ದ ಟವೆಲ್ ಹಿಡಿದು ಹತ್ತಿದಳು.

"ಜಾಗಾ ಹಿಡದ್ರೀ? ಶಾಣ್ಯಾ ಅಣ್ಣಾರ ನೀವು!"

ಮುಂದಿನ ದಾರಿಯಲ್ಲಿ ಏನೇನು ಕಂಡೆ ಎಂಬುದು ನೆನಪಿಲ್ಲ. ಹಿಂದಿನ ಸೀಟಿನವನು ಎಲ್ಲಿ ಬಾಯಿ ಬಿಡುತ್ತಾನೋ ಎಂದು ಬೆನ್ನೆಲ್ಲ ಕಿವಿಯಾಗಿ ಕೂತಿದ್ದೆ. ಅವನು ಮುಂದಿನ ಊರಲ್ಲಿ ಇಳಿದುಹೋದ.

ಹೊಳೆದಂಡೆ ಮುಟ್ಟಿದಾಗ ಜಿನ್ನಪ್ಪ ಕೈಕಟ್ಟಿಕೊಂಡು ಕಾಯುತ್ತಿದ್ದ. ನೀರು ಏರದ ದಿಬ್ಬದ ಮೇಲೆ ತಂಗೆವ್ವ ಗುಂಡಿ ತೋಡಿದಳು. ಮೊದಲ ತತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಬೊಟ್ಟಿನ ಬಣ್ಣ ಯಾಕ ಬ್ಯಾರೆ ಕಾಣತೈತ್ರಿ, ಅಣ್ಣಾರ?"

"ಒದ್ದಿ ಆಗೇತಲ್ಲ, ಅದಕ್ಕ," ಎಂದೆ.

ಆಕೆ ನಂಬಿದಳು. ನನ್ನ ಸುಳ್ಳು ಬೊಟ್ಟನ್ನು ಮೇಲೆ ಮಾಡಿ, ಒಂದೊಂದನ್ನೂ ಉಸಿರು ಹಿಡಿದು ಇಟ್ಟಳು.

ಮುಂಗಾರಿನ ಮೋಡ ಕಟ್ಟಿದ ದಿನ ಜಿನ್ನಪ್ಪನೇ ಉಸುಕು ಬಗೆದ. ವಾಸನೆ ಎದ್ದಿತು. ಒಂದರಲ್ಲೂ ಜೀವವಿರಲಿಲ್ಲ. ಅವನು ನಗಲಿಲ್ಲ, "ಆತಿನ್ನ," ಎಂದಷ್ಟೇ ಅಂದ. ತಪ್ಪು ದಂಡೆಯದಲ್ಲ, ನನ್ನದು, ಇನ್ನೊಂದು ವರ್ಷ ಬಿಡು ಎಂದು ಆಗ ಹೇಳಬಹುದಿತ್ತು. ತಂಗೆವ್ವ ನನ್ನ ಕಡೆ ತಿರುಗಿದಳು: "ನನ್ನ ಉಸುಕ ಸರಿ ಇಲ್ಲೇನೊ. ನೀವು ಪಾಪ, ಎಷ್ಟ ಜ್ವಾಕಿಲೆ ತಂದ್ರಿ." ನಾನು ಕಾಲಿನಿಂದ ಉಸುಕು ಎಳೆದು ಗುಂಡಿ ಮುಚ್ಚಿದೆ. ಅದೇ ವಾರ ಒಡ್ಡು ಮುಚ್ಚಿದರು, ಜೊಂಡಿಗೆ ಬೆಂಕಿ ಇಟ್ಟರು.

ಹೋದ ತಿಂಗಳು ಗೋಕಾಕದಲ್ಲಿ ಅದೇ ಬಸ್ಸಿನ ಗದ್ದಲ. ಕೋಲು ಊರಿಕೊಂಡು ಹಿಂದೆ ನಿಂತಿದ್ದೆ. ಕಿಟಕಿಯಿಂದ ತಂಗೆವ್ವನ ಕೂಗು ಬಂತು: "ಅಣ್ಣಾರ, ಬರ್ರಿ! ನಿಮಗ ಜಾಗಾ ಹಿಡದೇನಿ." ಸೀಟಿನ ಮೇಲೆ ಆಕೆಯ ಕೈಚೀಲವಿತ್ತು. ಅದನ್ನು ತೆಗೆದು ನನ್ನನ್ನು ಕಿಟಕಿಗೆ ಕೂರಿಸಿದಳು. ಹೊಳೆ ಕಂಡಾಗ ಇಬ್ಬರೂ ಆ ಕಡೆ ನೋಡಿದೆವು. ನೀರಿನ ಅಂಚಿನವರೆಗೂ ಕಬ್ಬು. ಹೇಳಲು ಬಾಯಿ ತೆರೆದೆ, ಆಕೆ ಅಂಗೈಗೆ ಹುರಿದ ಶೇಂಗಾ ಹಾಕಿದಳು. ತಿಂದೆ, ಊರು ಬಂತು, ಇಳಿದೆ.

ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ತಂಗೆವ್ವನ ಹೆಸರು ಪದ್ಮವ್ವ.