ಕರಡಿಗೆಯಲ್ಲಿ ತಂಬಾಕು

ಗೆಳೆಯರೇ, ಇಜೇರಿಯ ಶರಣಪ್ಪನ ಮಗಳಿಗೆ ಕೂಡಿಬಂದಿದ್ದ ಸಂಬಂಧ ಇಂದು ಮಧ್ಯಾಹ್ನ ಊಟದ ಪಂಕ್ತಿಯಲ್ಲೇ ಮುರಿಯುವುದರಲ್ಲಿತ್ತು. ಯಾರೋ ಹೇಳಿದ ಸುದ್ದಿಯಲ್ಲ, ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ.

ಗಂಡಿನವರು ಅಫಜಲಪುರದಿಂದ ಚಕ್ಕಡಿಯಲ್ಲಿ ಬಂದಿದ್ದರು. ಯುದ್ಧದಿಂದ ಎಲ್ಲ ತುಟ್ಟಿಯಾಗಿದ್ದರೂ ಶರಣಪ್ಪನ ಮನೆಯಲ್ಲಿ ಹೋಳಿಗೆಯಾಗಿತ್ತು. ಉಣ್ಣುವ ಮೊದಲು ಎಲ್ಲರೂ ಕೊರಳಿನ ಕರಡಿಗೆ ತೆರೆದು ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರು. ಮಾತಿನ ಭರದಲ್ಲಿ ಶರಣಪ್ಪನೂ ತನ್ನ ಕರಡಿಗೆ ತೆರೆದ. ಒಳಗೆ ಬರೀ ತಂಬಾಕು!



"ಲಿಂಗ ಎಲ್ಲಿ ಅದರಿ?" ಎಂದರು ಗಂಡಿನ ತಂದೆ.

"ಒಳಗ ಗ್ವಾಡಿ ಮಾಡದಾಗ ಅದರಿ, ಅದಕ್ಕೇನಾಗ್ಯದ? ತಂಬಾಕಿನ ಡಬ್ಬಿ ಹೊಲದಾಗ ಕಳೀತದ್ರಿ. ಇದಾದ್ರ ಕೊರಳಾಗೇ ಇರ್ತದ," ಎಂದ ಶರಣಪ್ಪ, ಬಿತ್ತನೆಯ ಮಾತಾಡಿದಷ್ಟೇ ಸಲೀಸಾಗಿ.

"ಏಳ್ರಿ ಎಲ್ಲಾರೂ! ಲಿಂಗ ಮೈಮ್ಯಾಲಿರದ ಈ ಮನ್ಯಾಗ ನೀರೂ ಬ್ಯಾಡ." ಗಂಡಿನ ತಂದೆ ಎದ್ದೇಬಿಟ್ಟರು. ಬಾಗಿಲ ಹಿಂದೆ ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡರು.

ಆಗ ಗಂಡಿನ ಅಜ್ಜ ಮಗನನ್ನು ಗದರಿದರು: "ಕುಂಡ್ರಲೇ, ಹೋಳಿಗಿ ಆರಾಕತ್ತಾವ." ಎಡಗೈಯಲ್ಲಿ ಲಿಂಗ ಹಿಡಿದುಕೊಂಡೇ ಬಲಗೈಯನ್ನು ಶರಣಪ್ಪನತ್ತ ಚಾಚಿದರು. "ಜರಾ ತಂಬಾಕ ಕೊಡ್ರಿ, ಬೀಗರ. ವಾಸನಿ ಭಾಳ ಛಲೋ ಅದ."

ಎದ್ದವರು ಕುಳಿತರು.

ಬರುವ ಸೋಮವಾರ ಅಫಜಲಪುರದಲ್ಲಿ ನಿಶ್ಚಯ.